ಪ್ಯಾಕಿಯ ಸಾವಿಗೆ ಬಂದವರು

ಕಿಲ್‌ಡರೀನ್, ಮೇಯೋ, ಐರ್ಲೆಂಡ್
ನವೆಂಬರ್ ೧೩, ೨೦೦೪

ಪ್ರೀತಿಯ ಅಟ್ರಾಕ್ಟಾ,

ನಿನ್ನ ಕಾಗದ ಬಂದು ಒಂದು ಬೇಸಿಗೆಯೇ ಕಳೆದುಹೋಯಿತು. ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಮಂಡಿನೋವು ಹೇಗಿದೆ? ಕಾರ್ಕಿನ ಗಾಳಿ ಒಗ್ಗಿತೇ?

ಟಿವಿಯಲ್ಲಿ ನೋಡಿರುತ್ತೀಯ, ನಾನು ಸತ್ತೆ. ನಾನು ಎಂದೂ ನಾಯಕನಾದವನಲ್ಲ. ನಾಟಕದ ದಿನಗಳಲ್ಲಿ ಪರದೆಯ ಪಕ್ಕ ನಿಂತು ನಮಗೆಲ್ಲ ಮಾತು ಹೇಳಿಕೊಡುತ್ತಿದ್ದ ನಿನಗೆ ಅದನ್ನು ಬೇರೆ ಹೇಳಬೇಕೆ? ಪಾದ್ರಿ, ಪೊಲೀಸು, ಕುಡುಕ ಚಿಕ್ಕಪ್ಪ, ಹೀಗೆ ಕತೆಯ ಅಂಚಿನಲ್ಲೇ ಹೊಟ್ಟೆ ಹೊರೆದವನು. ತಲೆ ನರೆತ ಮೇಲೆ ಧಾರಾವಾಹಿಯ ಪೋಸ್ಟ್‌ಮ್ಯಾನ್ ಪ್ಯಾಕಿ ಸಿಕ್ಕಿದ, ನಾನು ಎಲ್ಲರ ಮನೆಯವನಾದೆ. ಕಳೆದ ಭಾನುವಾರ ಅವನು ಸೈಕಲ್ಲಿನಿಂದ ಬಿದ್ದು, ಒಂದು ಮಾತೂ ಆಡದೆ ಪ್ರಾಣ ಬಿಟ್ಟ.

ಮರುದಿನ ಮಧ್ಯಾಹ್ನ ಬಾಗಿಲು ತೆರೆದರೆ ನೆರೆಮನೆಯ ಡೆಲಿಯಾ ನಿಂತಿದ್ದಾಳೆ, ಕೈಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ತಟ್ಟೆ. "ಪ್ಯಾಕಿ ಹೋಗ್ಬಿಟ್ನಲ್ಲ ಮಾರಾಯ, ಬರಿಗೈಲಿ ಹೇಗೆ ಬರೋದು?" ಎಂದು ಸಾವಿನ ಮನೆಯಲ್ಲಿ ಮಾಡುವಂತೆ ನನ್ನ ಕೈ ಹಿಡಿದಳು. ಒಳಗೆ ಬಂದವಳೇ, ಹೆಣವಿರುವ ಮನೆಯ ಪದ್ಧತಿಯಂತೆ ಪರದೆ ಎಳೆದು, ಗೋಡೆಗಡಿಯಾರ ನಿಲ್ಲಿಸಿದಳು. ಹಿಂದೆಯೇ ಅರ್ಧ ಊರು ಬಂತು. ಯಾರೋ ಪ್ಯಾಕಿಯ ಆತ್ಮಶಾಂತಿಗೆ ನಿಜವಾಗಿಯೂ ಚರ್ಚಿನಲ್ಲಿ ಬಲಿಪೂಜೆ ಹೇಳಿಸಿ ಅದರ ಕಾರ್ಡು ತಂದಿದ್ದರು. ಅರ್ಧ ತಮಾಷೆ, ಅರ್ಧ ನಿಜವಾದ ಸಂಕಟ.

"ಅದೆಲ್ಲ ಸರಿ, ಹೆಣ ಎಲ್ಲಿ?" ಎಂದ ಅಂಗಡಿಯ ಟೊಮಾಸ್.

"ಕಾಣಲ್ವಾ? ಅಡಿಗೆಮನೇಲಿ ಚಹಾ ಸೋಸ್ತಾ ಇದೆ" ಎಂದಳು ಡೆಲಿಯಾ.

"ಬದುಕಿದ್ದಾಗ ಒಬ್ರೂ ಒಂದು ಬಿಸ್ಕತ್ತು ತಂದಿರ್ಲಿಲ್ಲ" ಎಂದು ನನ್ನ ಹೆಂಡತಿ ಫಿಲೊಮಿನಾ ಗೊಣಗಿದಳು. ಅವಳ ಕಣ್ಣು ಒದ್ದೆಯಾಗಿದ್ದು ನನಗೆ ಕಾಣಿಸಿತು.

ಅಷ್ಟರಲ್ಲಿ ಚರ್ಚಿಗೆ ಹೊಸದಾಗಿ ಬಂದ ಪಾದ್ರಿಯೂ ಬಂದರು. ನಾನು ಗಂಭೀರವಾಗಿ ಫಿಲೊಮಿನಾಳನ್ನು ತೋರಿಸಿ, "ಫಾದರ್, ಇವಳು ನನ್ನ ಹೆಂಡತಿ ನೋರೀನ್" ಎಂದೆ. ನೋರೀನ್ ಎಂದರೆ ಧಾರಾವಾಹಿಯಲ್ಲಿ ಪ್ಯಾಕಿಯ ಹೆಂಡತಿ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. "ಸತ್ರೂ ಬುದ್ಧಿ ಬರ್ಲಿಲ್ಲ ಈ ಮನುಷ್ಯನಿಗೆ" ಎಂದು ಫಿಲೊಮಿನಾ ಒರೆಸುವ ಬಟ್ಟೆಯಿಂದ ಬೆನ್ನಿಗೆ ಒಂದು ಬಿಟ್ಟಳು.

ಹೋಗುವಾಗ ಎಲ್ಲರದೂ ಒಂದೇ ಮಾತು. ಡಬ್ಲಿನ್ನಿನ ಧಾರಾವಾಹಿಯವರಿಗೆ ಫೋನ್ ಮಾಡು, ಸತ್ತದ್ದು ಪ್ಯಾಕಿಯ ಅವಳಿ ತಮ್ಮ ಎಂದು ಬರೆಯಲಿ. ಅಂದಿನಿಂದ ಬೆಳಿಗ್ಗೆ ಎದ್ದರೆ ಫಿಲೊಮಿನಾಳದೂ ಇದೇ ರಾಗ. "ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ? ಪಾರ್ಟು ಇಲ್ದೆ ನೀನು ಬದುಕೋ ಪೈಕಿ ಅಲ್ಲ." ಅವಳು ಹೇಳುವುದು ನಿಜ. ಬೇರೆಯವರ ಮಾತು ಆಡಿಯೇ ನಾನು ಮನುಷ್ಯನಾದೆ, ಅದಿಲ್ಲದೆ ಏನು ಮಾಡಲಿ ಎಂದು ಭಯವಾಗುತ್ತದೆ. ಆದರೂ, ಬರೆಯುವವರ ತೀರ್ಮಾನ, ನಮ್ಮ ಕೈಯಲ್ಲೇನಿದೆ ಎಂದು ಜಾರಿಕೊಳ್ಳುತ್ತಿದ್ದೇನೆ.

ದೇವರು ನಿನ್ನ ಮಂಡಿಗೂ ಮನಸ್ಸಿಗೂ ಬಲ ಕೊಡಲಿ. ಚಳಿಯಲ್ಲಿ ಬೆಚ್ಚಗಿರು.

ನಿನ್ನ ಹಳೆಯ ಗೆಳೆಯ,
ಕೋಲ್ಮನ್

ತಾ.ಕ.: ಪ್ಯಾಕಿಯನ್ನು ಸಾಯಿಸಿ ಎಂದು ಕೇಳಿಕೊಂಡವನು ನಾನೇ. ಮಾತುಗಳು ತಲೆಯಲ್ಲಿ ನಿಲ್ಲುತ್ತಿಲ್ಲ. ಇದು ಹೆಚ್ಚುತ್ತಲೇ ಹೋಗುವ ಕಾಯಿಲೆ ಎಂದು ಗಾಲ್ವೇಯ ಡಾಕ್ಟರು ಹೇಳಿದ್ದಾರೆ. ಅಂದು ಪಾದ್ರಿಯ ಮುಂದೆ ನಾನು ತಮಾಷೆ ಮಾಡಲಿಲ್ಲ, ಅಟ್ರಾಕ್ಟಾ. ನನ್ನ ಹೆಂಡತಿಯ ಹೆಸರು ಬರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ಬರೆಯುವಾಗ ಬರುತ್ತದೆ, ಬೇಕಾದಾಗ ಬರುವುದಿಲ್ಲ. ಅವಳಿಗೆ ಇನ್ನೂ ಏನೂ ಗೊತ್ತಿಲ್ಲ, ಹೇಳಲೇಬೇಕು. ನೀನು ಒಮ್ಮೆ ಬಂದು ನನ್ನ ಪಕ್ಕ ಕೂತಿರು. ನಡುವೆ ತಡವರಿಸಿದರೆ ಮೊದಲಿನ ಹಾಗೆ ಮೆಲ್ಲಗೆ ಹೇಳಿಕೊಡು. ಎಲ್ಲಕ್ಕಿಂತ ಮೊದಲು, ಅವಳ ಹೆಸರು.