ಬರ್ತೀನಿ ಎಂದವಳ ಬೀಡಿನ ಪಾತ್ರೆ

ಮನೆಯಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ರೀ,

ಹೇಗಿದ್ದೀರಿ? ಸೊಂಟನೋವು ಕಮ್ಮಿಯಾಯಿತಾ, ಇಲ್ಲ ದಿನವಿಡೀ ಕ್ರೇನಿನ ಸೀಟಿನಲ್ಲಿ ಕೂತು ಇನ್ನಷ್ಟು ಜಾಸ್ತಿ ಮಾಡಿಕೊಂಡಿದ್ದೀರಾ? ಬೆಲ್ಟು ಕಟ್ಟಿಕೊಳ್ಳಿ ಎಂದರೆ ‘ನಾನೇನು ಮುದುಕನಾ’ ಎನ್ನುತ್ತೀರಿ. ಮುದುಕರೇ, ಕಟ್ಟಿಕೊಳ್ಳಿ. ನಾನು ಚೆನ್ನಾಗಿದ್ದೇನೆ. ಇದು ಶಾಲೆಯ ಯೂನಿಫಾರಂ ಹೊಲಿಯುವ ಕಾಲ, ದರ್ಜಿ ಅಂಗಡಿಯಲ್ಲಿ ತಲೆ ಎತ್ತಲು ಪುರುಸೊತ್ತಿಲ್ಲ. ನಿಮ್ಮ ಪಿಟೀಲು ಕೂಡ ಈಗ ಪರವಾಗಿಲ್ಲ, ಜ್ವರ ಬಿಟ್ಟಿದೆ. ಮಗಳಿಗೆ ಜ್ವರ ಯಾವಾಗ ಬಂತು ಎಂದು ಗಾಬರಿಯಾಗಬೇಡಿ, ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಸೇತುವೆ ಕೆಲಸದ ಜಾಗದಲ್ಲಿ ಅರ್ಧ ಮಾತು ಕೇಳುವುದೇ ಇಲ್ಲ, ಇನ್ನರ್ಧವನ್ನು ಅವಳು ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೇಳುತ್ತಿರುತ್ತಾಳೆ. ಈಗ ಕೆಳಗಿನ ಮನೆಯ ಮಕ್ಕಳ ಜೊತೆ ಆಡಲು ಹೋಗಿದ್ದಾಳೆ, ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ವಿಷಯ ಅಕ್ಕನ ಬೀಡಿನ ಪಾತ್ರೆಯದು. ಅಕ್ಕ ಎಂದರೆ ನಿಮಗೆ ಮುಜುಗರವಾಗಬಹುದು. ನಿಮ್ಮ ಮೊದಲ ಹೆಂಡತಿಯನ್ನು ನಾನು ಬೇರೆ ಏನೆಂದು ಕರೆಯಲಿ ಹೇಳಿ? ಸವತಿ ಎನ್ನಲು ಬಾಯಿ ಬರುವುದಿಲ್ಲ, ಪಾಪ, ಒಂದು ದಿನವೂ ನನ್ನ ಜೊತೆ ಜಗಳವಾಡಿದವಳಲ್ಲ. ನೀವೋ ಅವಳ ಫೋಟೊಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ, ಅವಳ ಹೆಸರೆತ್ತಿದರೆ ಎದ್ದು ಹೋಗುತ್ತೀರಿ. ಅಡುಗೆಮನೆಯ ಆ ಪಾತ್ರೆಯೊಂದನ್ನು ಮಾತ್ರ ನೀವು ಎತ್ತಿಡಲಿಲ್ಲ, ಭಾರ ಅಂತಲೋ ಮರೆತೋ ಗೊತ್ತಿಲ್ಲ. ಬಂದ ದಿನದಿಂದಲೂ ಅದನ್ನು ಕಂಡರೆ ನನಗೆ ಪುಕುಪುಕು. ಎರಡು ಕಿವಿ, ಎರಕದ ಕಬ್ಬಿಣದ ಕರ್ರಗಿನ ಹೊಟ್ಟೆ, ಎತ್ತಿದರೆ ಮಣಿಕಟ್ಟು ಉಳುಕುವಂಥ ಮುಚ್ಚಳ. ಮೊದಲ ಸಲ ಅದನ್ನು ಖಾಲಿ ಬಿಸಿಗಿಟ್ಟಾಗ ನಾನಿನ್ನೂ ಈರುಳ್ಳಿ ಹೆಚ್ಚಿಯೇ ಇರಲಿಲ್ಲ, ಹುರಿದ ಈರುಳ್ಳಿಯ ವಾಸನೆ ಮನೆ ತುಂಬಿತು. ಯಾರು ಹುರಿದದ್ದು, ಯಾವತ್ತು ಹುರಿದದ್ದು! ಒಲೆ ಆರಿಸಿ ಬಾಲ್ಕನಿಗೆ ಬಂದು ನಿಂತುಬಿಟ್ಟೆ.

ಆಮೇಲೆ ಶುರುವಾಯಿತು ಮುಚ್ಚಳದ ಕಾಟ. ಬೆಳಿಗ್ಗೆ ಒರೆಸಿ, ನೆಟ್ಟಗೆ ಮುಚ್ಚಿಟ್ಟು ಅಂಗಡಿಗೆ ಹೋಗುತ್ತೇನೆ. ಸಂಜೆ ಬಂದು ನೋಡಿದರೆ ಮುಚ್ಚಳ ತಲೆಕೆಳಗಾಗಿದೆ, ಅದರಡಿಗೆ ಮಡಿಸಿದ ಬಟ್ಟೆಯ ತುಂಡು, ಪಾತ್ರೆಯ ಒಳಗೆಲ್ಲ ಎಣ್ಣೆಯ ಹೊಳಪು. ಪಿಟೀಲನ್ನು ಕೇಳಿದರೆ ತಲೆ ಆಡಿಸಿ ಓಡಿಹೋಗುತ್ತಾಳೆ. ಮಾರನೆಯ ದಿನ ಮತ್ತೆ ಅದೇ ಕಥೆ. ನಾನು ದೆವ್ವಗಿವ್ವ ನಂಬುವವಳಲ್ಲ ಎಂದು ನಿಮಗೆ ಗೊತ್ತು. ಆದರೂ ಒಂದು ಸಂಜೆ ಆ ಪಾತ್ರೆಯ ಮುಂದೆ ನಿಂತು, ‘ಅಕ್ಕಾ, ನಿನ್ನ ಮನೆ ಕಿತ್ಕೊಳ್ಳೋಕೆ ಬಂದಿಲ್ಲ ನಾನು, ಸುಮ್ನೆ ಹೆದರಿಸ್ಬೇಡ’ ಎಂದುಬಿಟ್ಟೆ. ನಗಬೇಡಿ. ನೀವಿದ್ದಿದ್ದರೆ ನಾನೂ ನಗುತ್ತಿದ್ದೆ.

ಹೋದ ಸೋಮವಾರ ಎಡವಟ್ಟಾಯಿತು. ಹಿಂದಿನ ದಿನ ಟೊಮೇಟೊ, ಬೀನ್ಸ್ ಹಾಕಿ ಬೇಯಿಸಿದ್ದು ತಳ ಹಿಡಿದಿತ್ತು. ಬೆಳಿಗ್ಗೆ ಬಸ್ಸಿನ ಅವಸರದಲ್ಲಿ ಪಾತ್ರೆಗೆ ಸೋಪಿನ ನೀರು ತುಂಬಿಸಿ ನೆನೆಯಲು ಬಿಟ್ಟು ಹೋದೆ. ಸ್ಟೀಲ್ ಪಾತ್ರೆ ತೊಳೆದೇ ಬೆಳೆದವಳು ನಾನು, ಬೀಡಿನ ನಾಜೂಕು ನನಗೇನು ಗೊತ್ತು! ಸಂಜೆ ಬಂದಾಗ ನೀರು ಕೆಂಪಗಾಗಿತ್ತು. ಚೆಲ್ಲಿದರೆ ಒಳಗೆಲ್ಲ ತುಕ್ಕು. ಅದರ ಪಕ್ಕದಲ್ಲಿ ನೆಲದ ಮೇಲೆ ನಿಮ್ಮ ಮಗಳು, ಯೂನಿಫಾರಂ ಕೂಡ ಬಿಚ್ಚದೆ, ಸ್ಟೂಲು ಉರುಳಿಸಿಕೊಂಡು ಕೂತಿದ್ದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಅಳಲಿಲ್ಲ. ಊಟ ಬೇಡ, ಹಾಲು ಬೇಡ. ಮುಟ್ಟಿದರೆ ಮೈ ಕೆಂಡ. ಪಕ್ಕದಲ್ಲಿ ಮಲಗಿಸಿಕೊಂಡು ಹಣೆಗೆ ಒದ್ದೆ ಬಟ್ಟೆ ಹಾಕುವಾಗ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು: ‘ಇನ್ನು ಅಮ್ಮ ಬರಲ್ಲ. ನೀವು ತುಕ್ಕು ಹಿಡಿಸಿಬಿಟ್ರಿ.’

ರೀ, ಒದ್ದೆ ಬಟ್ಟೆ ಪಕ್ಕಕ್ಕಿಟ್ಟು ಅವಳ ಬೆನ್ನು ಸವರಿದೆ. ಮೆಲ್ಲಗೆ ಕೇಳುತ್ತ ಹೋದೆ. ಆಸ್ಪತ್ರೆಗೆ ಹೊರಟ ದಿನ ಅಕ್ಕ ಇವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ಪಾತ್ರೆಗೆ ಎಣ್ಣೆ ಹಚ್ಚುವುದನ್ನು ತೋರಿಸಿದಳಂತೆ. ‘ನಾನು ಬರೋವರ್ಗೂ ತುಕ್ಕು ಹಿಡಿಯೋಕೆ ಬಿಡ್ಬೇಡ, ಆಯ್ತಾ?’ ಎಂದಳಂತೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ‘ಬರ್ತೀನಿ ಪುಟ್ಟಾ’ ಎಂದಳಂತೆ. ಮನೆ ಬಿಡುವಾಗ ನಾವ್ಯಾರು ‘ಹೋಗ್ತೀನಿ’ ಎನ್ನುತ್ತೇವೆ? ಅಂಗಡಿಗೆ ಹೋಗುವಾಗಲೂ ‘ಬರ್ತೀನಿ’ ಎಂದೇ ಹೋಗುತ್ತೇವೆ. ಆಗ ಐದು ವರ್ಷದ ಮಗು, ಅದನ್ನು ಮಾತು ಕೊಟ್ಟಂತೆ ಇಟ್ಟುಕೊಂಡಿದೆ. ನಿಮ್ಮ ಒಡಹುಟ್ಟಿದ ಅಕ್ಕನಿಗೆ ಫೋನು ಮಾಡಿ, ಆವಾಗ ಮಗುವಿಗೆ ಏನು ಹೇಳಿದಿರಿ ಎಂದು ಕೇಳಿದೆ. ‘ಅಯ್ಯೋ, ನಮ್ಮನೇಲೇ ಇತ್ತಲ್ಲ ಮಗು. ಅಮ್ಮ ಹೋದ್ಲು ಕಂದಾ ಅಂತ ತಬ್ಕೊಂಡು ಹೇಳಿದ್ನಲ್ಲ’ ಎಂದರು. ಸರಿಹೋಯಿತು. ನಾವು ದೊಡ್ಡವರು ‘ಸತ್ತಳು’ ಎನ್ನಲು ಹೆದರಿ ‘ಹೋದಳು’ ಎನ್ನುತ್ತೇವೆ. ಬರ್ತೀನಿ ಎಂದವಳು ಹೋಗಿದ್ದಾಳೆ, ಅಂದಮೇಲೆ ಬರುತ್ತಾಳೆ. ಗೋಡೆಯ ಮೇಲಿನ ಫೋಟೊಗಳನ್ನು ಅಮ್ಮನೇ ಜೊತೆಗೆ ತೆಗೆದುಕೊಂಡು ಹೋಗಿದ್ದಾಳೆ ಎಂದು ಇವಳು ಅಂದುಕೊಂಡಿದ್ದಾಳೆ. ಎರಡು ವರ್ಷದಿಂದ ಶಾಲೆ ಬಿಟ್ಟು ಬಂದ ಕೂಡಲೇ ಸ್ಟೂಲು ಹತ್ತಿ ಆ ಪಾತ್ರೆಗೆ ಎಣ್ಣೆ ಹಚ್ಚುತ್ತಿದ್ದಾಳೆ ನಿಮ್ಮ ಮಗಳು. ನಾನು ಬೈಯುತ್ತೇನೆಂದು ಬಚ್ಚಿಟ್ಟಿದ್ದಳಂತೆ. ದೆವ್ವ ಅಂತೆ ದೆವ್ವ! ದೆವ್ವವಾಗಿದ್ದರೆ ಎಷ್ಟೋ ಸುಖವಿತ್ತು.

ಜ್ವರದಲ್ಲಿ ಬೇಯುತ್ತಿರುವ ಮಗುವಿಗೆ ಸತ್ಯ ಹೇಳುವ ಗುಂಡಿಗೆ ನನಗಿರಲಿಲ್ಲ. ಪಾತ್ರೆಯನ್ನು ಮತ್ತೆ ಪಳಗಿಸೋಣ ಎಂದೆ. ಅವಳೇ ಮೇಸ್ತ್ರಿ, ನಾನು ಕೂಲಿ. ಕಲ್ಲುಪ್ಪು ಹಾಕಿ ತಿಕ್ಕಿಸಿದಳು, ಬೂದುಬಣ್ಣದ ಬರಿ ಕಬ್ಬಿಣ ಕಾಣುವವರೆಗೂ ಬಿಡಲಿಲ್ಲ. ಒಲೆಯ ಮೇಲಿಟ್ಟು ಹನಿ ನೀರಿಲ್ಲದಂತೆ ಒಣಗಿಸಿದೆವು. ಎಣ್ಣೆ ಸವರಿದ ಮೇಲೆ, ಹಚ್ಚಿದ್ದೇ ತಪ್ಪಾಯಿತೇನೋ ಎಂಬಂತೆ ಅದನ್ನೆಲ್ಲ ಒರೆಸಿ ತೆಗೆಯಬೇಕಂತೆ. ನಾನು ಉದಾರವಾಗಿ ಸುರಿಯಲು ಹೋದರೆ, ‘ಅಷ್ಟೊಂದು ಬೇಡ ಚಿಕ್ಕಮ್ಮ, ಅಂಟಂಟಾಗತ್ತೆ. ಎಣ್ಣೆ ಹಚ್ಚಿದ್ದು ಕಾಣ್ಬಾರ್ದು’ ಎಂದಳು. ಅದು ಅವಳ ಮಾತಲ್ಲ, ದನಿಯೂ ಅವಳದಲ್ಲ. ಏಳು ವರ್ಷದ ಬಾಯಿಂದ ದೊಡ್ಡ ಹೆಂಗಸೊಬ್ಬಳು ನನಗೆ ಅಡುಗೆಮನೆ ಒಪ್ಪಿಸುತ್ತಿದ್ದಳು. ಬೋರಲಾಗಿ ಓವನ್ನಿನಲ್ಲಿಟ್ಟು ಕಾಯಿಸಿದೆವು, ಆರಿಸಿದೆವು, ಮತ್ತೆ ಸವರಿದೆವು. ವಾರವೆಲ್ಲ ಇದೇ ಆಯಿತು. ಪಾತ್ರೆ ಕಪ್ಪಗಾಗುತ್ತ ಬಂತು, ಅವಳ ಜ್ವರ ಬಿಟ್ಟಿತು. ನಿನ್ನೆ ಅದರಲ್ಲೇ ಬ್ರೆಡ್ ಬೇಯಿಸಿದೆವು. ಮೇಲೆ ಗರಿಗರಿ, ಒಳಗೆ ಮೆತ್ತಗೆ, ಮುಚ್ಚಳ ತೆಗೆದಾಗ ಅವಳು ಚಪ್ಪಾಳೆ ತಟ್ಟಿದಳು. ನನ್ನ ಪಾಲಿನ ತುಂಡನ್ನೂ ಅವಳ ತಟ್ಟೆಗೇ ಹಾಕಿದೆ. ಒಂದೊಂದು ಪದರ ಎಣ್ಣೆ ಹಚ್ಚಿದಾಗಲೂ ಅಮ್ಮ ಬರುತ್ತಾಳೆಂಬ ಸುಳ್ಳನ್ನು ನಾನೇ ಗಟ್ಟಿ ಮಾಡಿದೆನಲ್ಲ.

ಈಗ ನನ್ನ ಪಾಡು ಕೇಳಿ. ಲಿಫ್ಟು ನಮ್ಮ ಮಹಡಿಯಲ್ಲಿ ನಿಂತರೆ ಅವಳು ಚಮಚ ಕೆಳಗಿಟ್ಟು ಬಾಗಿಲು ನೋಡುತ್ತಾಳೆ. ನಾನೂ ನೋಡುತ್ತೇನೆ! ಬೆಲ್ಲು ಬಡಿದರೆ, ಬಾಗಿಲು ತೆಗೆದಾಗ ಎದುರಿಗೆ ಅಕ್ಕ ನಿಂತಿದ್ದರೆ ಏನು ಹೇಳಲಿ ಎಂದು ತಡವರಿಸುತ್ತೇನೆ. ಹುಚ್ಚು ಹಿಡಿಯುವುದೊಂದು ಬಾಕಿ. ಇದನ್ನು ನಾನು ಹೇಳಬಾರದು ರೀ. ನಾನು ಹೇಳಿದರೆ ಅವಳ ಪಾಲಿಗೆ ಅಮ್ಮನನ್ನು ಸಾಯಿಸಿದವಳು ನಾನೇ ಆಗುತ್ತೇನೆ. ನೀವು ಬಂದು, ತೊಡೆಯ ಮೇಲೆ ಕೂರಿಸಿಕೊಂಡು, ‘ಹೋದಳು’ ಅಲ್ಲ, ‘ಸತ್ತಳು’ ಎನ್ನಬೇಕು. ನಿಮಗೂ ಆ ಪದ ಇದುವರೆಗೆ ಬಾಯಿಗೆ ಬಂದಿಲ್ಲವೆಂದು ನನಗೆ ಗೊತ್ತು. ಅಪ್ಪ ಮಗಳು ಇಬ್ಬರೂ ಒಟ್ಟಿಗೆ ಅಳಿ, ನಾನು ಪಕ್ಕದಲ್ಲಿರುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮೇಲೆ ಹತ್ತುವಾಗ ಹುಷಾರು. ನಿಮ್ಮ ಜೊತೆ ಕೆಲಸ ಮಾಡುವ ವೆಲ್ಡರ್ ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ, ಮಗಳು ಮುತ್ತು ಕಳಿಸಿದ್ದಾಳೆ.

ನಿಮ್ಮ
ಗುಂಡುಸೂಜಿ

ಮ.ವಿ.: ಕಾಗದ ಮಡಿಸುವಷ್ಟರಲ್ಲಿ ಇವಳು ಬಂದಳು. ಬಂದವಳೇ ತನ್ನ ಬಟ್ಟೆ ಬೀರುವಿನ ಒಂದು ಖಾನೆಯನ್ನು ಖಾಲಿ ಮಾಡತೊಡಗಿದಳು. ಯಾಕೆ ಎಂದು ಕೇಳಿದೆ. ‘ಅಮ್ಮ ಬಂದ್ಮೇಲೆ ಅಪ್ಪನ ರೂಮಲ್ಲಿ ಅಮ್ಮ ಇರ್ತಾರಲ್ಲ. ಆಗ ನೀನು ಹೋಗ್ಬೇಡ ಚಿಕ್ಕಮ್ಮ, ನನ್ ಜೊತೆ ಇರು. ನಾನು ಅಮ್ಮಂಗೆ ಹೇಳ್ತೀನಿ’ ಎಂದಳು. ಮೊದಲ ಸಲ ನನ್ನನ್ನು ‘ನೀನು’ ಎಂದಳು, ರೀ. ಬೇಡ ಎನ್ನಲಾಗಲಿಲ್ಲ. ನನ್ನ ಎರಡು ಜೊತೆ ಬಟ್ಟೆ ಈಗ ಅವಳ ಬೀರುವಿನಲ್ಲಿವೆ. ರಜೆ ಕೊಡದಿದ್ದರೆ ಜಗಳವಾಡಿಯಾದರೂ ಹೊರಟು ಬನ್ನಿ.