ಮದಗುಣಕಿ ಪಟ್ಟಿ

ಜನವರಿ ೧೧, ಭಾನುವಾರ, ಸಂಜೆ
ಹಿತ್ತಲಿನ ಮದಗುಣಕಿ, ಅಂದರೆ ದತ್ತೂರಿ ಗಿಡದ ಎಲೆ ಕಿತ್ತು, ಬೆಚ್ಚಗೆ ಮಾಡಿ, ಎಂದಿನಂತೆ ಹೆಂಡತಿ ದೌಲತಬಿಯ ನೋಯುವ ಮೊಣಕಾಲಿಗೆ ಕಟ್ಟಿದೆ. ಬೇಗಂಸಾಹೇಬರು ನನ್ನ ಮಾತು ಪೂರ್ತಿ ಕೇಳುವುದು ಈ ಪಟ್ಟಿ ಕಟ್ಟುವ ಹೊತ್ತು ಮಾತ್ರ. ಎದ್ದು ಹೋಗಲು ಬರುವುದಿಲ್ಲವಲ್ಲ!
ಇವತ್ತು ಅಂಗಡಿಗೆ ರಜೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಕಣ್ಣು ತುರಿಸಿದರೆ ತೋಳಿನಿಂದ ಒರೆಸಿಕೊಳ್ಳುತ್ತಾನೆ. ಬೆರಳು ಹಚ್ಚಿದನೋ, ಸತ್ತ. ಆದ್ದರಿಂದ ರಜೆಯ ದಿನ ನನ್ನದೊಂದೇ ಐಷಾರಾಮ — ಬೆರಳಿನಿಂದ ಕಣ್ಣುಜ್ಜುವುದು. ಮೆಣಸಿನಕಾಯಿ ಮುಟ್ಟಿಲ್ಲ, ಕೈ ತೊಳೆಯುವ ಗೊಡವೆಯೂ ಇಲ್ಲ. ಬಲಗಣ್ಣನ್ನು ಮನಸಾರೆ ಉಜ್ಜಿಕೊಂಡೆ.

ಜ. ೧೨, ಬೆಳಿಗ್ಗೆ
ಕನ್ನಡಿಯಲ್ಲಿ ಬಲಗಣ್ಣಿನ ಪಾಪೆ ಗೋಲಿಯಷ್ಟು. ಎಡದ್ದು ಸಾಸಿವೆಯಷ್ಟು. ಬಿಸಿಲು ಚುಚ್ಚುತ್ತದೆ. ಅಕ್ಷರ ಮಸುಕು.
ಮಗ ತೌಸಿಫ್ ಫೋನಿನಲ್ಲಿ ಏನೋ ಓದಿ ಬಿಳಿಚಿಕೊಂಡ. "ಅಬ್ಬಾ, ತಲಿಯಾಗ ನರ ಒಡದಿರಬೇಕು. ಲಗೂ ಹೊಂಡ್ರಿ. ಹಾವೇರಿಗೆ ತೋರಿಸಿ, ಅಲ್ಲಿಂದ ಹುಬ್ಬಳ್ಳಿಗೆ ಸ್ಕ್ಯಾನ್..."
"ತಲಿಯಾಗ ಏನರ ಇದ್ರ ಒಡೀತೈತಿ" ಅಂದಳು ದೌಲತಬಿ. ಅನ್ನುತ್ತಲೇ ನನ್ನ ಅಂಗಿಯ ಗುಂಡಿಗಳನ್ನು ತಪ್ಪು ತೂತುಗಳಿಗೆ ಹಾಕಿದಳು.

ಅದೇ ದಿನ, ಮಧ್ಯಾಹ್ನ. ಹಾವೇರಿ
ಕಣ್ಣಿನ ಡಾಕ್ಟರ್ ಸುರೇಖಾ ಬೆಳಕು ಬಿಟ್ಟು ನೋಡಿದರು. ಕೈಕಾಲು ಎತ್ತಿಸಿದರು, ಮಾತಾಡಿಸಿದರು.
"ಕಾಕಾ, ನಿನ್ನೆ ಮದಗುಣಕಿ ಏನರ ಮುಟ್ಟಿದ್ರೇನು?"
ಅದರ ರಸದಲ್ಲಿ ಅಟ್ರೋಪಿನ್ ಇದೆಯಂತೆ, ಬೆರಳಿನಿಂದ ಕಣ್ಣಿಗೆ ಹತ್ತಿದರೆ ಸಾಕಂತೆ. ಪಾಪೆ ಹಿಗ್ಗಿಸಲು ಇವರು ಹಾಕುವ ಹನಿಯಲ್ಲಿಯೂ ಅದೇ ಸರಕಂತೆ!
ಹೌದೆಂದರೆ ಎಲೆ ಬಂದ್, ಪಟ್ಟಿ ಬಂದ್, ನನ್ನ ಭಾಷಣ ಬಂದ್. ಇಲ್ಲವೆಂದರೆ ಹುಬ್ಬಳ್ಳಿ. ಹುಬ್ಬಳ್ಳಿಯೇ ಸೋವಿ ಅನ್ನಿಸಿತು, ಖರೇ. ಆದರೆ ದೌಲತಬಿ ಬುರ್ಖಾದ ಅಂಚನ್ನು ಹಿಂಡುತ್ತ ನಿಂತಿದ್ದಳು.
"ಮುಟ್ಟೇನ್ರಿ" ಅಂದೆ.
ಆಕೆ ಸ್ಟೂಲಿನ ಮೇಲೆ ಕುಸಿದು ಅತ್ತುಬಿಟ್ಟಳು.
"ನಾಕೈದು ದಿನದಾಗ ಇಳೀತದ. ಆ ಎಲಿ ಮಾತ್ರ ಇನ್ನ ಮನ್ಯಾಗ ಬ್ಯಾಡ್ರಿ" ಅಂದರು ಡಾಕ್ಟರ್.

ಜ. ೧೮, ಸಂಜೆ
ಪಾಪೆ ನೆಟ್ಟಗಾಗಿದೆ. ಗಿಡವನ್ನು ತೌಸಿಫ್ ಬೇರುಸಮೇತ ಕಿತ್ತೊಗೆದ. ಈ ವಾರ ಸಂಜೆಗಳು ಯಾಕೋ ಉದ್ದ. ಗೋಡೆಗೆ ಎಷ್ಟೆಂದು ಮಾತಾಡುವುದು?
ಈಗಷ್ಟೇ ದೌಲತಬಿ ಬಿಸಿನೀರಿನ ಚೀಲ ತಂದು ಕಾಲು ಚಾಚಿದಳು. "ಕಾವು ಕೊಡ್ರಿ."
"ನಿನಗ ಇಟ್ಕೊಳ್ಳಾಕ ಬರೂದಿಲ್ಲೇನು?"
"ಬರ್ತೈತಿ. ನೀವು ಏನರ ಮಾತಾಡ್ರಿ."
ಇಷ್ಟು ವರ್ಷ ಬಾಯಿ ಮುಚ್ಚದವನಿಗೆ ಒಂದು ಮಾತೂ ಹೊಳೆಯಲಿಲ್ಲ. ನೆನಪು ಮಾಡಿಕೊಂಡು ಬರುತ್ತೇನೆಂದು ಡೈರಿ ಹಿಡಿದು ಇಲ್ಲಿ ಬಂದು ಕೂತಿದ್ದೇನೆ. ಕರೆಯುತ್ತಿದ್ದಾಳೆ. ನೀರು ಆರಿದರೆ ಮತ್ತೆ—