ಒಳಕೋಣೆಯಲ್ಲಿ ಕೂತ ಅವ್ವ

ಭೀಮನಬೀಡು
೧೧-೨-೨೦೨೫

ಮಗಳು ಶಿವರಂಜಿನಿಗೆ ನಿನ್ನ ಅವ್ವ ಮರಿತಾಯಮ್ಮ ಮಾಡುವ ಆಶೀರ್ವಾದ. ಆಶೀರ್ವಾದ ಮನಸಾರೆ ಮಾಡಿದ್ದೇನೆ. ಮಿಕ್ಕದ್ದೆಲ್ಲ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಫೋನ್ ಮಾಡಿದರೆ ಎರಡು ಮಾತಾಡುವಷ್ಟರಲ್ಲಿ "ಅರ್ತ ಆಯ್ತಾ ಇಲ್ಲ ಕಣವ್ವ, ಅಣ್ಣನ ಕೈಗೆ ಕೊಡು" ಅನ್ನುತ್ತೀಯ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಮಾತು ಕಲಿಸಿದವಳು ನಾನು. ಕ್ಯಾನ್ಸರ್ ಅಂತ ಅರ್ಧ ನಾಲಿಗೆ ಕೊಯ್ದ ಮೇಲೂ ಆ ಮಕ್ಕಳಿಗೆ ನನ್ನ ಮಾತು ತಿಳಿಯುತ್ತದೆ, ಹೆತ್ತ ಮಗಳಿಗೆ ತಿಳಿಯುವುದಿಲ್ಲ. ವಾಟ್ಸಾಪಿನಲ್ಲಿ ಹಾಕಿದರೆ ನಿನ್ನ ಗಂಡನೂ ಓದುತ್ತಾನೆ. ಅದಕ್ಕೇ ಈ ಕಾಗದ.

ಆಪರೇಷನ್ ಆಗಿ ಒಂದೂವರೆ ವರ್ಷಕ್ಕೆ, ಆಸ್ಪತ್ರೆ ಬಿಟ್ಟರೆ, ನಾನು ಊರಾಚೆ ಹೊರಟದ್ದು ನಿನ್ನ ಸೀಮಂತಕ್ಕೇ ಮೊದಲು. ಕುತ್ತಿಗೆಯ ಗಂಟನ್ನೂ ಕೊಯ್ದು ತೆಗೆದ ಮೇಲೆ ಎಡತೋಳು ಮೇಲಕ್ಕೆ ಏಳುವುದಿಲ್ಲ, ನಿನ್ನ ಅತ್ತಿಗೆ ನಾಗಮಣಿಯೇ ತುರುಬು ಕಟ್ಟಿದಳು. ಬಸ್ಸು ಗುಂಡ್ಲುಪೇಟೆ ದಾಟುವಷ್ಟರಲ್ಲಿ ಬಾಯೊಣಗಿ ಅಂಟಿಕೊಂಡಿತು. ಚಾಮರಾಜನಗರದವರೆಗೂ ಗುಟುಕು ಗುಟುಕು ನೀರು ಕುಡಿಯುತ್ತಾ ಬಂದೆ. ಮಡಿಲಕ್ಕಿಯನ್ನು ಮಾತ್ರ ಯಾರ ಕೈಗೂ ಕೊಡದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ತವರಿನ ಅಕ್ಕಿಯಲ್ಲಿ ನಿನ್ನ ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆ ಊರಿಗೆ ಕರೆದುಕೊಂಡು ಬರಬೇಕು ಅನ್ನುವುದೊಂದೇ ನನ್ನ ಆಸೆ.

ನಾನು ಅಕ್ಕಿ ಹಿಡಿದು ಎದ್ದರೆ ನೀನು ಏನು ಮಾಡಿದೆ? "ಅವ್ವಂಗೆ ಸುಸ್ತಾಯ್ತದ, ನನ್ನ ರೂಮಲ್ಲಿ ಮನಿಕಳ್ಲಿ ಬುಡಿ" ಅಂದೆ. ನನ್ನ ತುಟಿಯ ಎಡಗಡೆ ಜೋಮು ಹಿಡಿದಿದೆ, ಜೊಲ್ಲು ಸುರಿದರೂ ನನಗೆ ಗೊತ್ತಾಗುವುದಿಲ್ಲ. ನೀನು ಸರಕ್ಕನೆ ಸೆರಗು ಎಳೆದುಕೊಂಡಾಗಲೇ ಗೊತ್ತಾದದ್ದು. ನಿನ್ನ ಮಡಿಲನ್ನು ನಾಗಮಣಿ ತುಂಬಿದಳು. ನಾನು ಒಳಗೆ ಕೂತು ಹೆಂಗಸರ ನಗು ಕೇಳಿಸಿಕೊಂಡೆ.

ಊಟವನ್ನೂ ಒಳಗೇ ಕಳಿಸಿದೆ. ಒಬ್ಬಟ್ಟು, ವಡೆ, ಕೋಸಂಬರಿ. ನನ್ನ ಬಾಯಿ ಒಂದೂವರೆ ಬೆರಳಿನಷ್ಟೇ ತೆರೆಯುವುದು ನಿನಗೆ ಮರೆತುಹೋಯಿತೇ? ಉಪ್ಪು ಗೊತ್ತಾಗುವುದಿಲ್ಲ, ಚೂರು ಖಾರವಿದ್ದರೂ ಉರಿ, ಆತುರವಾಗಿ ನುಂಗಿದರೆ ಮೂಗಿಗೆ ಬರುತ್ತದೆ. ಒಂದು ಹಿಡಿ ಅನ್ನ ಮಜ್ಜಿಗೆಯಲ್ಲಿ ಕಿವುಚಿ ಕೊಟ್ಟಿದ್ದರೆ ಸಾಕಿತ್ತು. ಎಲೆ ಹಾಗೇ ವಾಪಸ್ಸು ಬಂದದ್ದನ್ನು ನೀನು ನೋಡಲೂ ಇಲ್ಲ.

ಆಮೇಲೆ ಬಾಗಿಲಾಚೆ ನಿಮ್ಮತ್ತೆ, "ಅವರವ್ವನ್ನ ನೋಡ್ಕಳಕೇ ಒಂದಾಳು ಬೇಕು, ಬಾಣಂತನ ಇಲ್ಲೇ ಮಾಡನ" ಅಂದರು. ನೀನು "ಹೂಂ" ಅಂದೆ. ಆ ಹೂಂ ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಬಾಯಿ ಕೆಟ್ಟಿರಬಹುದು, ಬಲಗೈ ಗಟ್ಟಿಯಾಗಿದೆ. ಒಂದೇ ಕೈಯಲ್ಲಿ ನಿನಗೂ ಮಗುವಿಗೂ ನೀರು ಹುಯ್ಯುತ್ತೇನೆ, ನಾಗಮಣಿ ಹಿಡಿದುಕೊಳ್ಳುತ್ತಾಳೆ.

ಬರುವ ಭಾನುವಾರ ನಿಮ್ಮಣ್ಣ ಶಿವರಾಮು ಕಾರು ಮಾಡಿಕೊಂಡು ಬರುತ್ತಾನೆ, ಹೊರಟು ಬಾ. ನಿನ್ನನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.

ಇಂತಿ,
ಸಿಟ್ಟು ಇಳಿಯದ ನಿನ್ನ ಅವ್ವ
ಮರಿತಾಯಮ್ಮ

ಇದನ್ನು ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನ ದಿಂಬಿನ ಕೆಳಗಿದ್ದ ಕಡ್ಡಿಪುಡಿ ಪೊಟ್ಟಣ ಹುಡುಕಬೇಡ. ಮಲಗಿದಾಗ ಕೈಗೆ ಸಿಕ್ಕಿತು, ಸೆರಗಿನಲ್ಲಿ ಕಟ್ಟಿಕೊಂಡು ಬಂದು ಒಲೆಗೆ ಹಾಕಿದೆ. ಎಲೆಅಡಿಕೆ ಜೊತೆ ಆ ಹೊಗೆಸೊಪ್ಪಿನ ಪುಡಿಯನ್ನೇ ದವಡೆಗೆ ಒತ್ತಿಕೊಂಡು ನಾನು ಹೀಗಾದದ್ದು ಗೊತ್ತಿದ್ದೂ, ಏಳು ತಿಂಗಳ ಬಸುರಿ ನೀನು ಅದನ್ನು ಹಾಕುತ್ತೀಯಲ್ಲ. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಹಲ್ಲುನೋವು ಅಂತ ನೀನು ಅತ್ತಾಗ, ನೋವು ನಿಲ್ಲಲಿ ಅಂತ ಮೊದಲ ಚಿಟಿಕೆ ನಿನ್ನ ದವಡೆಗೆ ಇಟ್ಟವಳು ನಾನೇ. ಇಟ್ಟವಳೇ ಬಿಡಿಸುತ್ತೇನೆ, ಬಾ ಮಗಳೇ.